ಎಂಜಿನ್ ಕೂತಿತು

ನನ್ನ ಸಿಟ್ಟಿನ ಬಗ್ಗೆ ಮನೆಯಲ್ಲಿ ಇವತ್ತಿಗೂ ಮಾತಿದೆ. ಮೂಗಿನ ತುದಿಯಲ್ಲೇ ಇರುತ್ತದೆಯಂತೆ. ಇರಲಿ, ಇಲ್ಲವೆನ್ನುವುದಿಲ್ಲ. ಆದರೆ ಅದರಲ್ಲಿ ಒಂದು ಸಿಟ್ಟಂತೂ ನ್ಯಾಯವಾದದ್ದು. ಅದು ಹಿಂದಿಯ ಒಂದೇ ಒಂದು ಮಾತಿನ ಮೇಲಿನದು. ಆ ಮಾತು ನನಗೆ ಮಾಡಿದ್ದೇನು ಎಂದು ಹೇಳಬೇಕಾದರೆ ಮೊದಲು ಜೀಪಿನ ವಿಷಯ ಹೇಳಬೇಕು.

ಅರವತ್ತರ ದಶಕ. ಬರೋಡಾದ ರೈಲ್ವೆ ಸ್ಟೇಷನ್ನಿನ ಹತ್ತಿರ ಅಣ್ಣನ ಹೋಟೆಲಿತ್ತು. ಈಗ ವಡೋದರಾ ಎನ್ನುತ್ತಾರೆ, ನನ್ನ ನಾಲಿಗೆಗೆ ಬರೋಡಾವೇ ಸರಿ. ಅಣ್ಣ ಉಡುಪಿ ಕಡೆಯಿಂದ ಹೊರಟು ಮೊದಲು ಸೂರತ್ತಿನಲ್ಲಿ ಯಾರದೋ ಹೋಟೆಲಲ್ಲಿ ಲೋಟ ತೊಳೆದು, ಆಮೇಲೆ ಬರೋಡಾಕ್ಕೆ ಬಂದು ಸ್ವಂತದ್ದು ಹಾಕಿದವನು. ನಾನು ಊರಲ್ಲಿ ಮೆಟ್ರಿಕ್ ಪರೀಕ್ಷೆಗೆ ಕೂತು ಕೂತು ಸಾಕಾಗಿ ಅವನ ಹಿಂದೆ ಬಂದವನು. ಬಂದ ದಿನವೇ ನನ್ನನ್ನು ರುಬ್ಬುವ ಕಲ್ಲಿನ ಮುಂದೆ ಕೂರಿಸಿದ. ಅಣ್ಣ ಕೆಟ್ಟವನಲ್ಲ. ಆದರೆ ಅವನ ಹೋಟೆಲಲ್ಲಿ ಅವನೊಬ್ಬನಿಗೇ ಬಾಯಿ. ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎಂದು ನಾನು ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು.

ಅಷ್ಟರಲ್ಲಿ ಪಾದ್ರಾ ದಾಟಿ, ಜಂಬೂಸರದ ದಾರಿಯಿಂದ ಒಳಗೆ, ನೆಲದಡಿ ಎಣ್ಣೆ ಹುಡುಕುವವರು ಕ್ಯಾಂಪ್ ಹಾಕಿದರು. ಅದರ ಮೇಲ್ವಿಚಾರಣೆಯ ಸಾಹೇಬರು ಉತ್ತರದ ಕಡೆಯವರು, ಹಿಂದಿಯ ಮನುಷ್ಯ. ರೈಲಿಗೆ ಕಾಯುವಾಗ ನಮ್ಮಲ್ಲಿ ದೋಸೆ ತಿನ್ನುತ್ತಿದ್ದರು. ತಮ್ಮ ಕೆಲಸಗಾರರಲ್ಲಿ ಅರ್ಧಕ್ಕರ್ಧ ದಕ್ಷಿಣದವರು, ರೊಟ್ಟಿ ತಿಂದು ಬೇಸತ್ತಿದ್ದಾರೆ, ಯಾರಾದರೂ ಬಂದು ಕ್ಯಾಂಟೀನ್ ನಡೆಸುತ್ತೀರಾ ಎಂದು ಒಂದು ದಿನ ಕೇಳಿದರು. ಅಣ್ಣ ಬಾಯಿ ತೆರೆಯುವ ಮೊದಲೇ ನಾನು ಹೂಂ ಅಂದುಬಿಟ್ಟೆ. ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ. ಗಿರಾಕಿಯ ಎದುರು ಬೈಯುವ ಅಭ್ಯಾಸ ಅವನಿಗಿರಲಿಲ್ಲ, ಅದರಿಂದ ನಾನು ಬಚಾವಾದೆ.

ಟಾರ್ಪಾಲಿನ ಮಾಡು, ಮಣ್ಣಿನ ಒಲೆ, ನಾಲ್ಕು ಬೆಂಚು, ಒಬ್ಬ ಭಟ್ಟ. ಅಷ್ಟೇ. ಆದರೆ ಅಲ್ಲಿ ಉಪ್ಪು ನಾನು ಹೇಳಿದಷ್ಟು. ಆ ಸುಖ ಏನೆಂದು ಅಣ್ಣಂದಿರ ಕೈಕೆಳಗೆ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ.

ಒಂದೇ ತೊಂದರೆ ದಾರಿಯದು. ಡಾಂಬರು ರಸ್ತೆ ಬಿಟ್ಟ ಮೇಲೆ ಕ್ಯಾಂಪಿನ ತನಕ ಬರೀ ಕರಿಮಣ್ಣಿನ ಹತ್ತಿ ಹೊಲ. ಬೇಸಿಗೆಯಲ್ಲಿ ಕಾಲು ಮುರಿಯುವಷ್ಟು ಬಿರುಕು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಅಹಮದಾಬಾದಿನಲ್ಲಿ ಮಿಲಿಟರಿಯವರ ಹಳೆಯ ಗಾಡಿಗಳ ಹರಾಜಿದ್ದಾಗ ಅಣ್ಣನ ಬೆನ್ನು ಹತ್ತಿ ಒಂದು ಜೀಪು ಕೊಳ್ಳುವಂತೆ ಮಾಡಿದೆ. ಮಹಾಯುದ್ಧದ ಕಾಲದ್ದು, ಸ್ಟೀರಿಂಗ್ ಎಡಗಡೆಗೆ, ನಾಲ್ಕೂ ಚಕ್ರಕ್ಕೆ ಎಳೆತ. ಪೆಟ್ರೋಲು ಕುಡಿಯುತ್ತಿತ್ತು, ಆದರೆ ಎಂಥ ಕೆಸರಲ್ಲೂ ಬಿದ್ದೆದ್ದು ಹೋಗುತ್ತಿತ್ತು. ದಿನಾ ಬೆಳಿಗ್ಗೆ ಬರೋಡಾದಲ್ಲಿ ರುಬ್ಬಿದ ಹಿಟ್ಟು, ತರಕಾರಿ, ಹಾಲು ಹೇರಿಕೊಂಡು ಹೊರಡುತ್ತಿದ್ದೆ. ಜೀಪಿನ ಕುಲುಕಾಟಕ್ಕೂ ಸೆಖೆಗೂ ಇಡ್ಲಿ ಹಿಟ್ಟು ಉಬ್ಬಿ ಡಬ್ಬಿಯ ಮುಚ್ಚಳ ದಾರಿಯಲ್ಲೇ ಹಾರುತ್ತಿತ್ತು. ಕ್ಯಾಂಪಿನವರು ನನ್ನ ಬೆನ್ನಿಗೆ ಅಂಟಿದ ಹಿಟ್ಟು ನೋಡಿ ಇವತ್ತು ಇಡ್ಲಿ ಮೆತ್ತಗಿರುತ್ತದೆ ಎಂದು ತಮಾಷೆ ಮಾಡುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ಅಣ್ಣ ಮೊದಲ ಸಲ ಕ್ಯಾಂಪ್ ನೋಡಲು ಬಂದ. ದಾರಿಯಲ್ಲಿ ಜೀಪಿನ ರೇಡಿಯೇಟರ್ ಕುದಿಯತೊಡಗಿತು. ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಸ್ವಲ್ಪ ಹೊತ್ತು ತಣಿಯಲಿ ಎಂದು ಹೇಳಿ ನಾನು ಬೇಲಿಯಾಚೆ ಹೋದೆ. ವಾಪಸು ಬರುವಷ್ಟರಲ್ಲಿ ಅಣ್ಣ ಕುಡಿಯಲು ತಂದಿದ್ದ ಮಣ್ಣಿನ ಕೂಜದ ತಣ್ಣೀರನ್ನೆಲ್ಲ ರೇಡಿಯೇಟರಿಗೆ ಹೊಯ್ಯುತ್ತಿದ್ದ. ಕುದಿಯುವ ಸಾಂಬಾರಿಗೆ ನೀರು ಹೊಯ್ದು ರೂಢಿ ನೋಡಿ. ಒಳಗಿಂದ ‘ಟಪ್’ ಎಂದು ಒಂದೇ ಒಂದು ಸದ್ದು ಬಂತು. ಅಷ್ಟು ಸಣ್ಣ ಸದ್ದಿನಿಂದ ಅಷ್ಟು ದೊಡ್ಡ ಹಾನಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಜೀಪನ್ನು ಎತ್ತುಗಳಿಂದ ಎಳೆಸಿ, ಆಮೇಲೆ ಲಾರಿಗೆ ಕಟ್ಟಿ, ಹೋಟೆಲಿನ ಹಿತ್ತಿಲಿಗೆ ತಂದು ನಿಲ್ಲಿಸಿದೆವು. ನಮ್ಮ ರಸ್ತೆಯ ಕೊನೆಯಲ್ಲಿದ್ದ ಗ್ಯಾರೇಜಿನ ಮಿಸ್ತ್ರಿ ಬಂದು ನೋಡಿದ. ಬರೋಡಾದವನೇ, ಗಟ್ಟಿ ಗಂಟಲು, ಬಾಯಿ ತುಂಬ ಪಾನ್, ತನಗೆ ಬಾರದ ಕೆಲಸವೇ ಇಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುವ ಮನುಷ್ಯ. ಎಂಜಿನ್ನಿನ ಬ್ಲಾಕು ಸೀಳಿದೆ, ಬೀಡು ಕಬ್ಬಿಣ, ಬೆಸುಗೆ ನಿಲ್ಲುವುದಿಲ್ಲ, ಬೇರೆ ಎಂಜಿನ್ನೇ ಹಾಕಬೇಕು ಎಂದ. ಅಣ್ಣ ಕೌಂಟರಿನಿಂದ ಏಳಲೂ ಇಲ್ಲ. ಹಳೇ ಗಾಡಿ, ಎಂದಿದ್ದರೂ ಹೋಗುವುದೇ, ಎಂದು ಅಲ್ಲಿಂದಲೇ ಹೇಳಿದ. ನನಗೆ ಪಿತ್ತ ನೆತ್ತಿಗೇರಿತು. ನೀರು ಹೊಯ್ದದ್ದು ಯಾರು ಎಂದು ಗಿರಾಕಿಗಳ ಎದುರೇ ಕೇಳಿದೆ. ಅವನು ಕೇಳಿಸದವನ ಹಾಗೆ ಚಿಲ್ಲರೆ ಜೋಡಿಸುತ್ತಾ ಕೂತ.

ಸಾಹೇಬರು ಒಳ್ಳೆಯವರು, ಆದರೆ ಅವರಿಗೂ ಕೆಲಸಗಾರರ ಹೊಟ್ಟೆಯ ಚಿಂತೆ. ಬೇಸಿಗೆಯಲ್ಲಿ ಎತ್ತಿನ ಗಾಡಿಯಿಂದ ಹೇಗೋ ನಡೆಯುತ್ತದೆ, ಮಳೆಗಾಲದಲ್ಲಿ ನಡೆಯುವುದಿಲ್ಲ, ಮಳೆ ಶುರುವಾಗುವುದರೊಳಗೆ ನಿನ್ನ ಜೀಪು ತಯಾರಾದರೆ ಕ್ಯಾಂಟೀನ್ ನಿನ್ನದು, ಇಲ್ಲವಾದರೆ ಟ್ರ್ಯಾಕ್ಟರ್ ಇರುವ ಇನ್ನೊಬ್ಬ ಕೇಳುತ್ತಿದ್ದಾನೆ, ಅವನಿಗೆ ಕೊಡಬೇಕಾಗುತ್ತದೆ ಎಂದರು. ನ್ಯಾಯದ ಮಾತೇ. ಅಣ್ಣ ಮಾತ್ರ ನಿರಾಳವಾಗಿ, ಹೋದರೆ ಹೋಗಲಿ, ಇಲ್ಲಿ ಕಲ್ಲು ಖಾಲಿ ಉಂಟಲ್ಲ, ಅಂದ. ರುಬ್ಬುವ ಕಲ್ಲು. ಆ ಮಾತು ಕೇಳಿದ ಮೇಲೆ ಜೀಪನ್ನು ಓಡಿಸದೆ ಬಿಡುವುದಿಲ್ಲ ಎಂದು ನಾನು ಹಟ ಹಿಡಿದೆ.

ಅದೇ ಜಾತಿಯ ಎಂಜಿನ್ ಎಲ್ಲೂ ಸಿಗಲಿಲ್ಲ. ಕೊನೆಗೆ ಮಿಸ್ತ್ರಿಯೂ ನಾನೂ ಸೂರತ್ತಿಗೆ ಹೋಗಿ, ಮುರಿದ ಗಾಡಿಗಳನ್ನು ಬಿಚ್ಚಿ ಮಾರುವವರ ಅಂಗಳದಲ್ಲಿ ಹುಡುಕಿ, ಮಗುಚಿ ಬಿದ್ದ ಒಂದು ವ್ಯಾನಿನ ಡೀಸೆಲ್ ಎಂಜಿನ್ ಹಿಡಿದೆವು. ಜೀಪಿಗೆ ಡೀಸೆಲ್ಲೇ ಎಂದು ನಾನು ಅನುಮಾನಪಟ್ಟರೆ ಮಿಸ್ತ್ರಿ ನಕ್ಕು, ಹಾಕಿದ ಮೇಲೆ ನನ್ನ ಹೆಸರು ಹೇಳಿಕೊಂಡು ತಿರುಗುತ್ತೀಯ ಎಂದ. ಸೀರೆಯ ಮೂಟೆಗಳ ಲಾರಿಯಲ್ಲಿ ಅದು ಬರೋಡಾಕ್ಕೆ ಬಂತು. ಹಿತ್ತಿಲಿನ ಬೇವಿನ ಮರದ ಕೆಳಗೆ ಇಳಿಸಿದಾಗ ಅಣ್ಣ ಒಮ್ಮೆ ಇಣುಕಿ, ಸತ್ತ ಎಮ್ಮೆಯ ಹಾಗೆ ಉಂಟು, ಎಂದು ಒಳಗೆ ಹೋದ.

ಮುಂದಿನ ದಿನಗಳಲ್ಲಿ ಆ ಹಿತ್ತಿಲಲ್ಲಿ ನಡೆದದ್ದು ಅತ್ತಿಗೆಗೆ ಇವತ್ತಿಗೂ ಮರೆತಿಲ್ಲ. ಮಿಸ್ತ್ರಿ ಎಂಜಿನ್ ಪೂರ್ತಿ ಬಿಚ್ಚಿ, ಗೋಣಿ ಹಾಸಿ, ಒಂದೊಂದೇ ಭಾಗವನ್ನು ಸಾಲಾಗಿ ಇಟ್ಟ. ತೊಳೆಯಲು ಪಾತ್ರೆ ಬೇಕೆಂದು ಒಳಗೆ ನುಗ್ಗಿ ಕೈಗೆ ಸಿಕ್ಕ ಕೊಪ್ಪರಿಗೆ ತಂದು ಸೀಮೆಎಣ್ಣೆ ಸುರಿದುಬಿಟ್ಟ. ಅದು ಅತ್ತಿಗೆ ಊರಿಂದ ತಂದ ಪಾಯಸದ ಕೊಪ್ಪರಿಗೆ. ಅವಳು ಕನ್ನಡದಲ್ಲಿ ಬೈದಳು, ಅವನು ಗುಜರಾತಿಯಲ್ಲಿ ಸಮಾಧಾನ ಹೇಳಿದ, ನಡುವೆ ನಾನು ಇಬ್ಬರಿಗೂ ಬೈದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ ಜಗಳವಿಲ್ಲ. ನಮ್ಮ ಸಾಂಬಾರಿಗೂ ಬೆಲ್ಲ, ಗುಜರಾತಿಗಳ ದಾಲಿಗೂ ಬೆಲ್ಲ. ಮಿಸ್ತ್ರಿ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ.

ಕ್ರ್ಯಾಂಕ್ ಎನ್ನುವ ಡೊಂಕು ದಂಡ ಸವೆದಿತ್ತು. ಅದನ್ನು ಅರೆಸಿ ಸಮ ಮಾಡಿಸಲು, ಸಿಲಿಂಡರಿಗೆ ಹೊಸ ಕೊಳವೆ ಕೂರಿಸಲು ಅಹಮದಾಬಾದಿಗೇ ಹೋಗಬೇಕು. ಅಲ್ಲಿಯ ಬಟ್ಟೆ ಮಿಲ್ಲುಗಳ ಬದಿಯ ಓಣಿಯಲ್ಲಿ ಅಂಥ ಯಂತ್ರಗಳಿದ್ದವು. ಬ್ಲಾಕು ಲಾರಿಯಲ್ಲಿ ಹೋಯಿತು. ಕ್ರ್ಯಾಂಕನ್ನು ನಾನು ಗೋಣಿಯಲ್ಲಿ ಸುತ್ತಿ ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಎದುರಿನ ಸೀಟಿನ ಅಜ್ಜಿ ಮಗುವಿಗೆ ಜ್ವರವೇ ಎಂದು ಕೇಳಿದಳು. ವಾಪಸು ತಂದಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಯಾರಿಗಾದರೂ ತೋರಿಸಬೇಕೆನ್ನಿಸಿತು. ಅಣ್ಣನಿಗೆ ತೋರಿಸಿದೆ. ಹೂಂ ಅಂದ.

ಈಗ ಆ ಮಾತಿನ ವಿಷಯ. ನಮ್ಮಲ್ಲಿ ಎಲ್ಲವೂ ಕೂರುತ್ತದೆ. ಮುಚ್ಚಳ ಡಬ್ಬಿಗೆ ಕೂರುತ್ತದೆ, ಬಾಗಿಲು ಚೌಕಟ್ಟಿಗೆ ಕೂರುತ್ತದೆ, ಪಾಠ ತಲೆಗೆ ಕೂರುತ್ತದೆ, ಬಣ್ಣ ಬಟ್ಟೆಗೆ ಕೂರುತ್ತದೆ. ಕೂತಿತು ಎಂದರೆ ಸರಿಯಾಯಿತು ಎಂದು ಲೆಕ್ಕ. ಆ ಹಿತ್ತಿಲಲ್ಲಿ ನನ್ನ ಬಾಯಿಂದ ದಿನವಿಡೀ ಅದೇ ಮಾತು. ವಾಲ್ವುಗಳನ್ನು ಅವುಗಳ ಕುಳಿಗೆ ಹೊಂದಿಸಲು ಮಿಸ್ತ್ರಿ ಒಂದು ಕೋಲಿಗೆ ಅಂಟಿಸಿ, ಬೂದು ಬಣ್ಣದ ಮುಲಾಮು ಹಚ್ಚಿ, ಅಂಗೈಗಳ ನಡುವೆ ಆಚೀಚೆ ಉಜ್ಜುತ್ತಿದ್ದ. ಮಜ್ಜಿಗೆ ಕಡೆದ ಹಾಗೆಯೇ. ಆ ಕೆಲಸ ನನಗೆ ಬಂತು, ಮಾಡಿದೆ. ಅತ್ತಿಗೆ ನೀರು ಸೇದಲು ಬಂದಾಗೆಲ್ಲ ಕೂತಿತಾ ಎಂದು ಕೇಳುವಳು. ಒಂದು ಕೂತಿತು, ಇನ್ನೊಂದು ಕೂರಬೇಕು, ಎನ್ನುತ್ತಿದ್ದೆ. ಮಿಸ್ತ್ರಿಯ ಬಾಯಲ್ಲಿ ಮಾತ್ರ ಎಲ್ಲಕ್ಕೂ ‘ಫಿಟ್’. ಅವನು ಆ ಹಿಂದಿ ಮಾತನ್ನು ಒಮ್ಮೆಯಾದರೂ ಆಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎಂಜಿನ್ ತಯಾರಾಯಿತು, ಆದರೆ ಜೀಪಿನ ಗೇರ್ ಬಾಕ್ಸಿಗೂ ಅದಕ್ಕೂ ಹೊಂದುವುದಿಲ್ಲ. ನಡುವೆ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಕೊರೆದು ಹಾಕಬೇಕು. ತನಗೆ ಬಾರದ ಕೆಲಸವಿಲ್ಲ ಎನ್ನುವ ಮಿಸ್ತ್ರಿ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ. ಗೇರ್ ಬಾಕ್ಸಿನ ದಂಡ ಒಳಗೆ ಹೋಗಲೇ ಇಲ್ಲ. ಆಕಾಶದಲ್ಲಿ ಆಗಲೇ ಮೋಡ, ಎತ್ತಿನ ಗಾಡಿಯವನು ಇನ್ನು ಬರಲೊಲ್ಲೆ ಎಂದದ್ದರಿಂದ ನನ್ನ ಭಟ್ಟನೂ ಒಲೆ ಆರಿಸಿ ಬರೋಡಾಕ್ಕೆ ಬಂದುಬಿಟ್ಟಿದ್ದ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಪಾನ್ ಉಗಿದು, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿ ಎದ್ದು ಹೋದ. ನಾನೂ ಹೋಗು ಅಂದೆ. ಸಂಜೆಯ ಹೊತ್ತಿಗೆ ನನ್ನ ಸಿಟ್ಟು ಇಳಿದು ಹೆದರಿಕೆ ಶುರುವಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಮಿಸ್ತ್ರಿ ಬೇವಿನ ಕೆಳಗೆ ಕೂತು ಹೊಸ ತಟ್ಟೆಗೆ ಗುರುತು ಹಾಕುತ್ತಿದ್ದಾನೆ. ಅಣ್ಣ ಅವನ ಮನೆಗೆ ಹೋಗಿ ಕರೆದುಕೊಂಡು ಬಂದನೆಂದು ಅತ್ತಿಗೆ ಹೇಳಿದಳು.

ಎರಡನೆಯ ತಟ್ಟೆ ಸರಿಯಾಯಿತು. ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಎತ್ತಿ, ಜೀಪನ್ನು ಅದರ ಕೆಳಗೆ ದೂಡಿ, ಇಂಚಿಂಚೇ ಇಳಿಸಿದೆವು. ಮಿಸ್ತ್ರಿ ಕೆಳಗೆ ಮಲಗಿ ಕೂಗುತ್ತಿದ್ದ, ನಾನು ಮೇಲಿಂದ ಅಲ್ಲಾಡಿಸುತ್ತಿದ್ದೆ. ಒಂದು ಸಲ ತಡೆಯಿತು, ಇನ್ನೊಂದು ಸಲ ತಡೆಯಿತು, ಆಮೇಲೆ ದಂಡ ಜಾರಿ ಒಳಗೆ ಹೋಗಿ ತಟ್ಟೆಗೆ ತಟ್ಟೆ ಅಂಟಿಕೊಂಡಿತು. ಕೂತಿತು ಎಂದು ನಾನು ಕೂಗಿದ್ದು ಕೌಂಟರಿನ ತನಕ ಕೇಳಿಸಿತಂತೆ. ಡೀಸೆಲ್ ಎಂಜಿನ್ ಭಾರ, ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಸೇರಿಸಿದೆವು. ಎತ್ತರವೂ ಜಾಸ್ತಿ, ಬಾನೆಟ್ಟನ್ನು ಕೊಯ್ದು ಗೂನು ಮಾಡಿದೆವು. ದೊಡ್ಡ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದಾಗ ಹೊಗೆಗೆ ಹೋಟೆಲಿನ ಅರ್ಧ ಗಿರಾಕಿಗಳು ರಸ್ತೆಗೆ ಬಂದರು. ಹೊಗೆ ತಿಳಿಯಾಯಿತು, ಎಂಜಿನ್ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು. ಹೊಗೆಯದಲ್ಲ.

ನಾನು ಪಕ್ಕದ ಔಷಧಿ ಅಂಗಡಿಗೆ ಓಡಿ ಜಂಬೂಸರದಲ್ಲಿದ್ದ ಕ್ಯಾಂಪಿನವರ ಕಚೇರಿಗೆ ಟ್ರಂಕ್ ಕಾಲ್ ಹಾಕಿಸಿದೆ. ಬಹಳ ಹೊತ್ತು ಕಾದ ಮೇಲೆ ಸಾಹೇಬರ ಧ್ವನಿ, ಗರಗರ ಸದ್ದಿನ ನಡುವೆ. ಕೂತಿತು ಎಂಬುದನ್ನು ಹಿಂದಿಗೆ ತಿರುಗಿಸಿ ನಾನು ಕೂಗಿ ಹೇಳಿದೆ.

“ಸಾಬ್, ಇಂಜನ್ ಬೈಠ್ ಗಯಾ! ಬಿಲ್ಕುಲ್ ಬೈಠ್ ಗಯಾ!”

ಅವರು ತಣ್ಣಗೆ, ನೀನೇ ತಿಳಿಸಿದ್ದು ಒಳ್ಳೆಯದಾಯಿತು, ಚಿಂತೆ ಮಾಡಬೇಡ, ಇನ್ನು ನಾವು ನೋಡಿಕೊಳ್ಳುತ್ತೇವೆ, ಎಂದರು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಔಷಧಿ ಅಂಗಡಿಯವನಿಗೆ ಜಿಲೇಬಿ ಕೊಡಿಸಿದೆ.

ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಕೂಡಲೇ ಭಾರ ಹೇರಬಾರದು, ಕೆಲವು ದಿನ ಮೆಲ್ಲಗೆ ಓಡಿಸಬೇಕು ಎಂದು ಮಿಸ್ತ್ರಿ ಹೇಳಿದ. ಹಾಗೇ ಬರೋಡಾದ ಬೀದಿಗಳಲ್ಲಿ ಮದುಮಗನ ಹಾಗೆ ತಿರುಗಿದೆ. ಆಮೇಲೆ ಒಂದು ಬೆಳಿಗ್ಗೆ, ಮೊದಲ ಮಳೆ ಬಿದ್ದ ಮರುದಿನ, ಹಿಟ್ಟಿನ ಡಬ್ಬಿಗಳನ್ನು ಹೇರಿಕೊಂಡು ಹೊರಟೆ. ಡಾಂಬರು ಬಿಟ್ಟು ಹೊಲಕ್ಕಿಳಿದೆ. ಕರಿಮಣ್ಣು ಚಕ್ರಕ್ಕೆ ಮೆತ್ತಿ ಗಾಡಿ ಅಡ್ಡಡ್ಡ ಜಾರಿತು. ನಾಲ್ಕು ಚಕ್ರದ ಲಿವರ್ ಹಾಕಿ ಎರಡನೇ ಗೇರಿನಲ್ಲಿ ಬಿಟ್ಟೆ. ಆ ಎಂಜಿನ್ ಗುರ್ ಎನ್ನುತ್ತಾ, ಆತುರವಿಲ್ಲದೆ, ಎಲ್ಲೂ ನಿಲ್ಲದೆ ಎಳೆದುಕೊಂಡು ಹೋಯಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿಲ್ಲ, ಇದನ್ನು ನನ್ನ ಹೆಂಡತಿಯ ಎದುರೂ ಹೇಳಿದ್ದೇನೆ.

ಕ್ಯಾಂಪಿನಲ್ಲಿ ನನ್ನ ಟಾರ್ಪಾಲಿನ ಜಾಗದಲ್ಲಿ ಬೇರೆ ಟಾರ್ಪಾಲು. ಬೇರೆ ಒಲೆ, ಬೇರೆ ಭಟ್ಟ. ಪಕ್ಕದಲ್ಲಿ ಟ್ರ್ಯಾಕ್ಟರ್ ನಿಂತಿದೆ. ನನ್ನ ಬೆಂಚುಗಳನ್ನು ಒಂದು ಬದಿಗೆ ಜೋಡಿಸಿ ಇಟ್ಟಿದ್ದರು. ಜೀಪಿನ ಸದ್ದು ಕೇಳಿ ಸಾಹೇಬರು ಹೊರಗೆ ಬಂದು, ಜೀಪನ್ನು ನೋಡಿ, ನನ್ನನ್ನು ನೋಡಿ, ಬಾಯಿ ಬಿಟ್ಟುಕೊಂಡು ನಿಂತರು.

“ಇಂಜನ್ ಬೈಠ್ ಗಯಾ ಅಂತ ನೀನೇ ಹೇಳಿದೆಯಲ್ಲ?” ಎಂದರು ಹಿಂದಿಯಲ್ಲಿ.

ಹೌದು, ಕೂತಿದೆ, ನೋಡಿ ಹೇಗೆ ಕೂತಿದೆ, ಎಂದು ನಾನು ಬಾನೆಟ್ ಎತ್ತಿ ತೋರಿಸಿದೆ. ಆಗ ಅವರು ಹಣೆ ಹಣೆ ಚಚ್ಚಿಕೊಂಡು ಹೇಳಿದರು. ಅವರ ಭಾಷೆಯಲ್ಲಿ ಎಂಜಿನ್ ಕೂತಿತು ಎಂದರೆ ಕೆಟ್ಟು ಹೋಯಿತು ಎಂದು. ಕುಸಿದು ಕೂತಿತು, ಇನ್ನೇಳುವುದಿಲ್ಲ ಎಂದು. ಬಿಲ್ಕುಲ್ ಬೇರೆ ಸೇರಿಸಿದ್ದೆನಲ್ಲ. ನನ್ನ ಫೋನು ಬಂದ ಮರುದಿನವೇ ಇನ್ನೊಬ್ಬನಿಗೆ ಮಾತು ಕೊಟ್ಟುಬಿಟ್ಟಿದ್ದರು, ಅವನು ಸಾಮಾನು ತಂದು ಒಲೆ ಹಚ್ಚಿಯೂ ಆಗಿತ್ತು.

ಮತ್ತೆ ಸುರಿಯತೊಡಗಿದ ಮಳೆಯಲ್ಲಿ ನಿಂತು ನಾನು ವಾದಿಸಿದೆ. ಮನುಷ್ಯ ಕೂತರೆ ಸತ್ತ ಎನ್ನುತ್ತೀರಾ, ಕೂರುವುದರಲ್ಲಿ ಕೆಟ್ಟದ್ದೇನಿದೆ, ಯಾವ ಸೀಮೆಯ ಭಾಷೆ ಇದು ಎಂದು ಕೂಗಾಡಿದೆ. ಕೆಲಸಗಾರರು ನಕ್ಕರು. ಸಾಹೇಬರಿಗೂ ನಗು ಬಂತು, ನನ್ನ ಮುಖ ನೋಡಿ ನುಂಗಿಕೊಂಡರು. ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳಲಾರೆ ಎಂದು ಬೇಸರದಿಂದಲೇ ಹೇಳಿದರು. ನಾನು ಬೆಂಚುಗಳನ್ನು ಜೀಪಿನ ಮೇಲೆ ಕಟ್ಟಿಕೊಂಡು ತಿರುಗಿದೆ. ಆ ಹಾಳು ಎಂಜಿನ್ ವಾಪಸು ಬರುವಾಗಲೂ ಎಲ್ಲೂ ನಿಲ್ಲಲಿಲ್ಲ.

ಹಿತ್ತಿಲಲ್ಲಿ ಜೀಪು ನಿಲ್ಲಿಸಿ ಅದರ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಎದುರಿಗೆ ರುಬ್ಬುವ ಕಲ್ಲು. ಅತ್ತಿಗೆ ಬಂದು ಕೇಳಿದಳು, ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ ಅಣ್ಣನಿಗೆ ಹೇಳಿದ್ದು ಕೇಳಿಸಿತು. ಇನ್ನು ಅವನು ಬರುತ್ತಾನೆ, ಕಲ್ಲು ಖಾಲಿ ಉಂಟು ಎನ್ನುತ್ತಾನೆ, ಎಂದು ಹಲ್ಲು ಕಚ್ಚಿಕೊಂಡು ಕಾದೆ.

ಅಣ್ಣ ಬಂದ. ಕೈಯಲ್ಲಿ ದೊಡ್ಡ ತಗಡಿನ ಡಬ್ಬಿಯ ತುಂಬ ನೀರು. ಅದನ್ನು ಜೀಪಿನ ಹಿಂಬದಿಯಲ್ಲಿ, ಹಿಟ್ಟಿನ ಡಬ್ಬಿಗಳ ನಡುವೆ, ಚೆಲ್ಲದ ಹಾಗೆ ಗೋಣಿ ಒತ್ತಿ ಇಟ್ಟ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಒಳಗೆ ನೋಡಿದ. ಆ ಎಂಜಿನ್ ತಂದ ಮೇಲೆ ಅವನು ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

“ಬಿಸಿಯಾದ್ರೆ ತಣಿಯುವ ತನಕ ಕಾಯ್ಬೇಕು. ಕೂಡ್ಲೇ ತಣ್ಣೀರು ಹೊಯ್ಬಾರ್ದು,” ಎಂದ, ನನ್ನ ಮುಖ ನೋಡದೆ.

ಅವನು ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ.

“ಮಹಿ ಹೊಳೆ ಆಚೆ, ಖಂಭಾತ್ ಕಡೆ, ಇನ್ನೊಂದು ಕ್ಯಾಂಪು ಬಿದ್ದಿದೆಯಂತೆ. ಅಲ್ಲಿಯವ್ರು ನಿನ್ನೆ ದೋಸೆ ತಿಂತಾ ಹೇಳಿದ್ರು. ಎಂಜಿನ್ ಕೂತಿತಲ್ಲ ಮಾರಾಯ, ನೀನು ಕೂರ್ಬೇಡ. ಹಿಟ್ಟು ಹುಳಿ ಆಗುವ ಮೊದ್ಲು ಹೋಗು.”

ನಾನು ಎದ್ದೆ. ಬೆಂಚುಗಳನ್ನು ಇಳಿಸಲೂ ಇಲ್ಲ. ಮಹಿಯ ಸೇತುವೆ ದಾಟಿ, ಕೇಳಿಕೊಂಡು ಕೇಳಿಕೊಂಡು ಹೋಗಿ, ಸಂಜೆಯ ಹೊತ್ತಿಗೆ ಆ ಕ್ಯಾಂಪಿನ ಕಚೇರಿಯ ಗುಡಾರ ಹೊಕ್ಕೆ. ಅಲ್ಲಿ ಕೂತಿದ್ದವರೂ ಹಿಂದಿಯವರೇ. ಕ್ಯಾಂಟೀನ್ ಬೇಕು, ಆದರೆ ಮಳೆಗಾಲದಲ್ಲಿ ಇಲ್ಲಿಗೆ ಬರುವಂಥ ಗಾಡಿ ಉಂಟೇ ಎಂದು ಕೇಳಿದರು. ಇದೆ ಎಂದೆ. ಹೇಗಿದೆ ಎಂದರು.

ಹೊರಗೆ ನಿಂತಿದೆ, ನೋಡಿ, ಎಂದು ಹಿಂದಿಯಲ್ಲಿ ಹೇಳಲು ಬಾಯಿ ತೆರೆದೆ. ನಿಂತಿದೆ ಎಂದರೆ ಇವರಲ್ಲಿ ಇನ್ನೇನಾಗುತ್ತದೋ ಯಾರಿಗೆ ಗೊತ್ತು. ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿ ಜೀಪು ಸ್ಟಾರ್ಟ್ ಮಾಡಿದೆ.